ಮಗುಚಿದ ಮೇಲೆ ಮತ್ತೆ ಹತ್ತಲು ಬರುತ್ತದಾ? ಸಮುದ್ರ ಕಯಾಕಿಂಗ್ ಬಗ್ಗೆ ಓದುಗರ ಪ್ರಶ್ನೆಗಳು

ಕಯಾಕ್ ಹತ್ತಿ ಸಮುದ್ರಕ್ಕೆ ಇಳಿಯಬೇಕು ಅಂತ ಆಸೆ ಇರುವವರ ಪತ್ರಗಳು ಈ ಸಲ ತುಂಬ ಬಂದಿವೆ. ಹೆಚ್ಚಿನವರ ಮೊದಲ ಪ್ರಶ್ನೆ ದೋಣಿಯದೇ. ಯಾವುದು ಕೊಳ್ಳಲಿ, ಎಷ್ಟು ಉದ್ದ ಇರಲಿ, ಫೈಬರ್ ಒಳ್ಳೆಯದಾ ಪ್ಲಾಸ್ಟಿಕ್ ಒಳ್ಳೆಯದಾ. ಸಹಜವೇ. ಆದರೆ ಎಲ್ಲ ಪತ್ರ ಓದಿ ಮುಗಿಸಿದಾಗ ಗಮನಕ್ಕೆ ಬಂದದ್ದು ಬೇರೆ: ದೋಣಿ ಮಗುಚಿದರೆ ಏನು ಮಾಡಬೇಕು ಅಂತ ಕೇಳಿದವರು ಒಬ್ಬರೇ ಒಬ್ಬರು. ಆ ಪತ್ರಕ್ಕೆ ಜಾಸ್ತಿ ಜಾಗ ಕೊಟ್ಟಿದ್ದೇನೆ. ಉಳಿದ ಉತ್ತರಗಳೂ ಒಂದಲ್ಲ ಒಂದು ದಾರಿಯಲ್ಲಿ ಅಲ್ಲಿಗೇ ಬರುತ್ತವೆ. ಒಂದು ಸಾಮಾನು ಬೇಕಾ ಬೇಡವಾ ಅಂತ ನಾನು ಅಳೆಯುವುದೇ ಆ ಪ್ರಶ್ನೆಯಿಂದ.

ಪ್ರಶ್ನೆ: ಎರಡು ವರ್ಷದಿಂದ ಕೆರೆಯಲ್ಲಿ ಕಯಾಕ್ ನಡೆಸುತ್ತಿದ್ದೇನೆ. ನನ್ನದು 3 ಮೀಟರ್ ಉದ್ದದ ಅಗಲವಾದ ದೋಣಿ, ಒಳಗೆ ಕೂರುವಂಥದ್ದು. ಒಂದು ಸಲವೂ ಮಗುಚಿಲ್ಲ. ಇದನ್ನೇ ಸಮುದ್ರಕ್ಕೆ ಒಯ್ಯಬಹುದಾ? ಹೊಸದು ಬೇಕೇ ಬೇಕು ಅಂದರೆ ಏನೇನು ನೋಡಿ ಕೊಳ್ಳಲಿ?

ಉತ್ತರ: ದಯವಿಟ್ಟು ಅದನ್ನು ಸಮುದ್ರಕ್ಕೆ ಒಯ್ಯಬೇಡಿ. ಕೆರೆಯ ದೋಣಿ ಅಗಲವಾಗಿರುವುದರಿಂದ ಸಮತಟ್ಟಾದ ನೀರಿನಲ್ಲಿ ಗಟ್ಟಿಯಾಗಿ ನಿಲ್ಲುತ್ತದೆ, ಅದು ನಿಜ. ಆದರೆ ಅಗಲವಾದ ತಳ ನೀರಿನ ಮೇಲ್ಮೈಗೆ ಅಂಟಿಕೊಂಡಂತೆ ಇರುತ್ತದೆ. ಅಲೆ ವಾಲಿದರೆ ದೋಣಿಯೂ ಅದರ ಜೊತೆಗೇ ವಾಲುತ್ತದೆ. ಸಮುದ್ರದ ಕಯಾಕ್ ಕಿರಿದು. ಕೂತ ತಕ್ಷಣ ಅಲ್ಲಾಡುತ್ತದೆ, ಹೊಸಬರಿಗೆ ಭಯ ಆಗುತ್ತದೆ. ಆದರೆ ಒಂದು ಪಕ್ಕಕ್ಕೆ ಸ್ವಲ್ಪ ವಾಲಿದ ಮೇಲೆ ಅಲ್ಲಿ ಗಟ್ಟಿಯಾಗಿ ನಿಲ್ಲುತ್ತದೆ. ಅಲೆಯ ನಡುವೆ ನಮ್ಮನ್ನು ಕಾಯುವುದು ಆ ಎರಡನೆಯ ಹಂತದ ಸ್ಥಿರತೆ.

ಇನ್ನೂ ದೊಡ್ಡ ಕಾರಣ ಒಳಗಿನ ಗೋಡೆಗಳದ್ದು. ಸಮುದ್ರದ ಕಯಾಕ್‌ನಲ್ಲಿ ಸೀಟಿನ ಹಿಂದೆ ಒಂದು, ಕಾಲಿನ ಮುಂದೆ ಒಂದು ಅಡ್ಡಗೋಡೆ ಇರುತ್ತದೆ. ಬಲ್ಕ್‌ಹೆಡ್ ಅನ್ನುತ್ತಾರೆ. ಹಾಗಾಗಿ ಮುಂದಿನ ಮತ್ತು ಹಿಂದಿನ ಭಾಗ ಗಾಳಿ ತುಂಬಿದ ಡಬ್ಬಿಗಳಂತೆ ಉಳಿಯುತ್ತವೆ. ಮಗುಚಿದರೂ ನೀರು ತುಂಬುವುದು ನಾವು ಕೂರುವ ಜಾಗಕ್ಕೆ ಮಾತ್ರ. ನಿಮ್ಮ ಕೆರೆಯ ದೋಣಿಯಲ್ಲಿ ಈ ಗೋಡೆಗಳು ಇಲ್ಲದಿದ್ದರೆ ಒಂದು ತುದಿಯಿಂದ ಇನ್ನೊಂದು ತುದಿಗೆ ನೀರು ತುಂಬಿ, ನೂರಾರು ಕಿಲೋ ಭಾರ ಆಗುತ್ತದೆ. ಅದನ್ನು ನೀರಿನಲ್ಲಿ ತೇಲುತ್ತಾ ಖಾಲಿ ಮಾಡಲು ಯಾರಿಂದಲೂ ಆಗುವುದಿಲ್ಲ. ದಡ ಹತ್ತಿರ ಇರುವ ಕೆರೆಯಲ್ಲಿ ಎಳೆದುಕೊಂಡು ಹೋಗಬಹುದು. ಸಮುದ್ರದಲ್ಲಿ ಎಲ್ಲಿಗೆ ಎಳೆಯುತ್ತೀರಿ?

ಹೊಸದು ನೋಡುವಾಗ ಉದ್ದ 4.5ರಿಂದ 5.5 ಮೀಟರ್, ಅಗಲ 50ರಿಂದ 60 ಸೆಂಟಿಮೀಟರ್ ಆಸುಪಾಸು ಇರಲಿ. ಎರಡು ಬಲ್ಕ್‌ಹೆಡ್, ಮುಂದಿನ ಹಿಂದಿನ ಡಬ್ಬಿಗಳಿಗೆ ಸಾಮಾನು ಹಾಕಲು ಗಟ್ಟಿ ಮುಚ್ಚಳದ ಬಾಯಿ ಅಂದರೆ ಹ್ಯಾಚ್, ದೋಣಿಯ ಅಂಚಿನ ಸುತ್ತ ಹಿಡಿದುಕೊಳ್ಳಲು ಬಿಗಿಯಾದ ಹಗ್ಗ. ಈ ಹಗ್ಗವನ್ನು ಮರೆಯಬೇಡಿ. ಒದ್ದೆ ಕೈಗೆ ನುಣುಪಾದ ದೋಣಿ ಸಿಗುವುದೇ ಇಲ್ಲ, ಮಗುಚಿದಾಗ ನೀವು ಹಿಡಿದುಕೊಳ್ಳುವುದು ಈ ಹಗ್ಗವನ್ನೇ.

ಪ್ಲಾಸ್ಟಿಕ್ಕಾ ಫೈಬರಾ ಅನ್ನುವುದು ಆಮೇಲಿನ ಮಾತು. ಪಾಲಿಎಥಿಲೀನ್ ದೋಣಿ ಭಾರ, ಸುಮಾರು 25ರಿಂದ 30 ಕಿಲೋ ತೂಗುತ್ತದೆ. ಆದರೆ ಬಂಡೆಗೆ ತಾಗಿದರೂ ಗೀರು ಬಿದ್ದು ಸುಮ್ಮನಾಗುತ್ತದೆ. ಫೈಬರ್‌ಗ್ಲಾಸ್ ಸ್ವಲ್ಪ ಹಗುರ, ಬಿರುಸು, ನೀರಿನಲ್ಲಿ ಚೆನ್ನಾಗಿ ಜಾರುತ್ತದೆ. ಪೆಟ್ಟು ಬಿದ್ದರೆ ಬಿರುಕು ಬಿಡುತ್ತದೆ, ಆದರೆ ಮನೆಯಲ್ಲೇ ರಿಪೇರಿ ಮಾಡಬಹುದು. ಮೊದಲ ದೋಣಿಗೆ ಪ್ಲಾಸ್ಟಿಕ್ ಸಾಕು ಅಂತ ನನ್ನ ಅಭಿಪ್ರಾಯ. ಬಣ್ಣ ಮಾತ್ರ ಹಳದಿ, ಕೇಸರಿ, ಕೆಂಪು ಹೀಗೆ ಕಣ್ಣಿಗೆ ಹೊಡೆಯುವಂಥದ್ದು ಇರಲಿ. ನೀಲಿ, ಬಿಳಿ ದೋಣಿ ಅಲೆಯ ನಡುವೆ ಕಾಣುವುದಿಲ್ಲ.

ಇನ್ನು ರಡ್ಡರ್, ಸ್ಕೆಗ್. ಪಕ್ಕದಿಂದ ಗಾಳಿ ಬೀಸಿದರೆ ಕಯಾಕ್‌ನ ಮೂತಿ ತಾನಾಗಿಯೇ ಗಾಳಿಯ ಕಡೆಗೆ ತಿರುಗಲು ನೋಡುತ್ತದೆ. ಅದನ್ನು ತಡೆಯಲು ಹಿಂಭಾಗದ ತಳದಿಂದ ಇಳಿಸುವ ಒಂದು ರೆಕ್ಕೆ ಸ್ಕೆಗ್. ಕಾಲಿನಿಂದ ಅತ್ತಿತ್ತ ತಿರುಗಿಸುವ ಚುಕ್ಕಾಣಿ ರಡ್ಡರ್. ಎರಡರಲ್ಲಿ ಯಾವುದಾದರೂ ಒಂದು ಇದ್ದರೆ ದೂರದ ದಾರಿಯಲ್ಲಿ ತೋಳಿಗೆ ದೊಡ್ಡ ಉಪಕಾರ.

ಕೊಳ್ಳುವ ಮುಂಚೆ ಅದರಲ್ಲಿ ಒಂದು ಗಂಟೆ ಕೂತು ನೋಡಿ. ಐದು ನಿಮಿಷ ಸಾಲದು. ಸೊಂಟ, ತೊಡೆ, ಪಾದ ಮೂರೂ ದೋಣಿಗೆ ತಾಗಿಕೊಂಡಿರಬೇಕು, ಆದರೆ ಒತ್ತಬಾರದು. ಕಾಲು ಜೋಮು ಹಿಡಿದರೆ ಆ ದೋಣಿ ನಿಮ್ಮದಲ್ಲ. ಸಾಧ್ಯ ಇದ್ದರೆ ಮೊದಲ ಕೆಲವು ತಿಂಗಳು ಬೇರೆ ಬೇರೆ ದೋಣಿಗಳನ್ನು ಬಾಡಿಗೆಗೆ ತಗೊಂಡು ನಡೆಸಿ. ಮೊದಲ ದಿನ ಇಷ್ಟವಾದ ದೋಣಿ ಹತ್ತನೆಯ ದಿನ ಇಷ್ಟವಾಗುವುದು ಅಪರೂಪ.

ಪ್ರಶ್ನೆ: ನನ್ನ ಎತ್ತರ 5 ಅಡಿ, ತೂಕ 47 ಕಿಲೋ. ಬಾಡಿಗೆ ದೋಣಿಯಲ್ಲಿ ಕೂತರೆ ಡಬ್ಬಿಯೊಳಗೆ ಕಡಲೆ ಹಾಕಿದಂತೆ ಅತ್ತಿತ್ತ ಜಾರುತ್ತೇನೆ. ಪ್ಯಾಡಲ್ ಹಾಕುವಾಗ ಬೆರಳು ದೋಣಿಯ ಅಂಚಿಗೆ ತಾಗಿ ಸಿಪ್ಪೆ ಸುಲಿಯುತ್ತದೆ. ಗೆಳತಿಯರು ಅಭ್ಯಾಸ ಆಗುತ್ತದೆ ಅಂತಾರೆ.

ಉತ್ತರ: ಅಭ್ಯಾಸ ಆಗುವುದಿಲ್ಲ ಮೇಡಂ, ಆ ದೋಣಿಯೇ ನಿಮಗೆ ದೊಡ್ಡದು. ಸಣ್ಣ ಮೈಕಟ್ಟಿನವರಿಗೆ ಅಂತಲೇ ಡೆಕ್ ಅಂದರೆ ದೋಣಿಯ ಮೇಲ್ಭಾಗ ತಗ್ಗಾಗಿರುವ, ಅಗಲ ಕಡಿಮೆ ಇರುವ ದೋಣಿಗಳು ಇವೆ. ಲೋ ವಾಲ್ಯೂಮ್ ಅಂತ ಕೇಳಿ. ಅಲ್ಲಿಯವರೆಗೆ ಸೊಂಟದ ಎರಡು ಪಕ್ಕಕ್ಕೂ ದಪ್ಪ ಫೋಮ್ ಕತ್ತರಿಸಿ ಇಟ್ಟುಕೊಳ್ಳಿ. ದೋಣಿಯನ್ನು ಹಿಡಿತದಲ್ಲಿ ಇಡುವುದು ಸೊಂಟ ಮತ್ತು ತೊಡೆ. ಅವು ಜಾರುತ್ತಿದ್ದರೆ ಕೈ ಎಷ್ಟು ಕಷ್ಟಪಟ್ಟರೂ ವ್ಯರ್ಥ.

ಹಗುರ ಇರುವವರು ಖಾಲಿ ದೋಣಿಯಲ್ಲಿ ಹೋದರೆ ಅದು ನೀರಿನ ಮೇಲೆ ಎತ್ತರಕ್ಕೆ ತೇಲುತ್ತದೆ, ಗಾಳಿಗೆ ತರಗೆಲೆಯಂತೆ ಸಿಕ್ಕಿಬೀಳುತ್ತದೆ. 10 ಲೀಟರ್ ನೀರನ್ನು ಎರಡು ಚೀಲದಲ್ಲಿ ತುಂಬಿ, ಮುಂದೊಂದು ಹಿಂದೊಂದು, ಬಲ್ಕ್‌ಹೆಡ್‌ಗೆ ಅಂಟಿಕೊಂಡಂತೆ ತಳದಲ್ಲಿ ಇಡಿ, ಉರುಳದಂತೆ ಕಟ್ಟಿ. ಎಷ್ಟು ವ್ಯತ್ಯಾಸ ಆಗುತ್ತದೆ ಅಂತ ಅವತ್ತೇ ಗೊತ್ತಾಗುತ್ತದೆ.

ಪ್ಯಾಡಲ್ ವಿಷಯ. ಸಮುದ್ರದ ಕಯಾಕ್‌ಗೆ ಸಾಮಾನ್ಯವಾಗಿ 210ರಿಂದ 220 ಸೆಂಟಿಮೀಟರ್ ನಡುವಿನದು ಬಳಸುತ್ತಾರೆ. ಪ್ಯಾಡಲನ್ನು ಮಲಗಿಸಿ ನಿಧಾನವಾಗಿ ಎಳೆಯುವವರಿಗೆ ಇನ್ನೂ ಸ್ವಲ್ಪ ಉದ್ದ, ನೆಟ್ಟಗೆ ಹಿಡಿದು ಜೋರಾಗಿ ಎಳೆಯುವವರಿಗೆ ಸ್ವಲ್ಪ ಗಿಡ್ಡ. ನಿಮಗೆ ಕಿರಿದಾದ ದೋಣಿ ಸಿಕ್ಕರೆ 205 ಅಥವಾ 210 ಹಿಡಿದು ನೋಡಿ, ಹಿಡಿಕೆ ತೆಳುವಾಗಿ ಇರುವಂಥದ್ದೇ ಆರಿಸಿ, ಎಲೆ ಅಂದರೆ ನೀರು ಎಳೆಯುವ ಭಾಗ ಸಣ್ಣದಿರಲಿ. ದುಡ್ಡು ಒಂದು ಕಡೆ ಮಾತ್ರ ಜಾಸ್ತಿ ಹಾಕಲು ಸಾಧ್ಯ ಅಂದರೆ ನಾನು ದೋಣಿ ಬಿಟ್ಟು ಪ್ಯಾಡಲ್‌ಗೇ ಹಾಕುತ್ತೇನೆ. ಒಂದು ದಿನದಲ್ಲಿ ಸಾವಿರಾರು ಸಲ ಅದನ್ನು ಎತ್ತಿ ಇಳಿಸಬೇಕು. 200 ಗ್ರಾಂ ಉಳಿದರೂ ಸಂಜೆ ಹೊತ್ತಿಗೆ ಭುಜಕ್ಕೆ ಗೊತ್ತಾಗುತ್ತದೆ.

ಪ್ರಶ್ನೆ: ನನಗೆ ಈಜು ಬರುವುದಿಲ್ಲ. ಲೈಫ್ ಜಾಕೆಟ್ ಹಾಕಿಕೊಂಡರೆ ಸಾಕಲ್ವಾ?

ಉತ್ತರ: ಮುಳುಗದಿರಲು ಸಾಕಾಗಬಹುದು. ಆದರೆ ಸಮುದ್ರ ಕಯಾಕಿಂಗ್‌ಗೆ ಸಾಲದು. ಕಷ್ಟ ಇರುವುದು ತೇಲುವುದರಲ್ಲಿ ಅಲ್ಲ, ಮೂಗಿಗೆ ನೀರು ಹೊಕ್ಕಾಗ ಗಾಬರಿ ಆಗದೆ ಇರುವುದರಲ್ಲಿ. ದೋಣಿ ಮಗುಚಿದಾಗ ತಲೆಕೆಳಗಾಗಿ ನೀರಿನಲ್ಲಿ ಇರುತ್ತೀರಿ. ಸೊಂಟದ ಸುತ್ತ ಕಟ್ಟಿಕೊಂಡು, ಕೂರುವ ಜಾಗಕ್ಕೆ ನೀರು ಬರದಂತೆ ಅದರ ಅಂಚಿಗೆ ಸಿಕ್ಕಿಸುವ ಹೊದಿಕೆ ಸ್ಪ್ರೇ ಸ್ಕರ್ಟ್. ಕೈ ಮುಂದೆ ಚಾಚಿ, ಅದರ ಪಟ್ಟಿ ಹುಡುಕಿ, ಎಳೆದು, ಹೊರಗೆ ಬರಬೇಕು. ಐದಾರು ಸೆಕೆಂಡಿನ ಕೆಲಸ. ನೀರಿಗೆ ಹೆದರುವವರಿಗೆ ಆ ಐದಾರು ಸೆಕೆಂಡು ಬಹಳ ದೊಡ್ಡದು. ಹಾಗಾಗಿ ಮೊದಲು ಈಜು ಕಲಿಯಿರಿ. ವೇಗ ಬೇಡ, ಶೈಲಿ ಬೇಡ. 50 ಮೀಟರ್ ಈಜಿ, ಹತ್ತು ನಿಮಿಷ ಆರಾಮಾಗಿ ತೇಲುವಷ್ಟು ಬಂದರೆ ಮುಂದಿನ ಹೆಜ್ಜೆ ಇಡಬಹುದು.

ಜಾಕೆಟ್ ಬಗ್ಗೆಯೂ ಒಂದು ಮಾತು. ಕಯಾಕ್ ನಡೆಸುವವರು ಹಾಕುವುದು ಸಾಮಾನ್ಯವಾಗಿ 50 ನ್ಯೂಟನ್ ತೇಲುವ ಬಲದ ಬಾಯನ್ಸಿ ಏಡ್. ತೋಳು ಆಡಿಸಲು ಅನುಕೂಲ, ನೀರಿನಲ್ಲಿ ಬಿದ್ದರೆ ಈಜಲೂ ದೋಣಿ ಹತ್ತಲೂ ಬಿಡುತ್ತದೆ. 150 ನ್ಯೂಟನ್ನಿನ ಲೈಫ್ ಜಾಕೆಟ್ ಎಚ್ಚರ ತಪ್ಪಿದವರನ್ನೂ ಮುಖ ಮೇಲಾಗುವಂತೆ ತಿರುಗಿಸಲು ಮಾಡಿದ್ದು. ಆದರೆ ಎದೆಯ ಮೇಲೆ ಉಬ್ಬಿಕೊಂಡು ದೋಣಿಗೆ ಮತ್ತೆ ಹತ್ತುವುದಕ್ಕೆ ಅಡ್ಡ ಬರುತ್ತದೆ. 50ರದು ನಿಮ್ಮ ಮುಖವನ್ನು ತಾನಾಗಿ ಮೇಲೆತ್ತುವುದಿಲ್ಲ ಅನ್ನುವುದು ನೆನಪಿರಲಿ. ಹಾಕಿಕೊಂಡು ಎಲ್ಲ ಪಟ್ಟಿ ಬಿಗಿದ ಮೇಲೆ ಯಾರಾದರೂ ಎರಡೂ ಭುಜದ ಪಟ್ಟಿ ಹಿಡಿದು ಮೇಲಕ್ಕೆ ಎಳೆಯಲಿ. ಕಿವಿಯವರೆಗೆ ಎದ್ದು ಬಂದರೆ ಅಳತೆ ಸರಿಯಿಲ್ಲ. ಜಾಕೆಟ್ಟಿಗೆ ಒಂದು ಸೀಟಿ ಕಟ್ಟಿಕೊಳ್ಳಿ. ಗಾಳಿಯಲ್ಲಿ ಕೂಗಿದರೆ ಇಪ್ಪತ್ತು ಮೀಟರ್ ಆಚೆ ಇರುವವರಿಗೂ ಕೇಳುವುದು ಕಷ್ಟ.

ಪ್ರಶ್ನೆ: ದಡದಿಂದ ದೂರದಲ್ಲಿ ದೋಣಿ ಮಗುಚಿದರೆ ಮತ್ತೆ ಹತ್ತುವುದು ಹೇಗೆ? ಎಸ್ಕಿಮೋ ರೋಲ್ ಕಲಿಯದೆ ಸಮುದ್ರಕ್ಕೆ ಹೋಗಲೇಬಾರದು ಅಂತ ಒಬ್ಬರು ಹೇಳಿದರು. ನಾನು ಆರು ತಿಂಗಳಿಂದ ಪ್ರಯತ್ನಿಸುತ್ತಿದ್ದೇನೆ, ಬರುತ್ತಿಲ್ಲ.

ಉತ್ತರ: ನಿಮ್ಮ ಪತ್ರ ನೋಡಿ ತುಂಬ ಖುಷಿಯಾಯಿತು. ಕೇಳಬೇಕಾದ ಪ್ರಶ್ನೆ ಕೇಳಿದ್ದೀರಿ.

ರೋಲ್ ಅಂದರೆ ಒಳಗೆ ಕೂತಂತೆಯೇ ಪ್ಯಾಡಲ್ ಮತ್ತು ಸೊಂಟದ ಬಲದಿಂದ ದೋಣಿಯನ್ನು ಮತ್ತೆ ನೆಟ್ಟಗೆ ಮಾಡುವುದು. ಉತ್ತರ ಧ್ರುವದ ಹತ್ತಿರದ ಇನ್ಯೂಟ್ ಜನ ಸೀಲ್ ಚರ್ಮದ ಕಯಾಕ್‌ಗಳಲ್ಲಿ ಬೇಟೆಗೆ ಹೋಗುವಾಗ ಇದನ್ನು ಬೆಳೆಸಿಕೊಂಡರು. ಅಷ್ಟು ತಣ್ಣನೆ ನೀರಿನಲ್ಲಿ ದೋಣಿಯಿಂದ ಹೊರಗೆ ಬಂದರೆ ಬದುಕುವುದು ಕಷ್ಟ, ಹಾಗಾಗಿ ಅವರಿಗೆ ಅದು ಅನಿವಾರ್ಯ. ಬಂದರೆ ತುಂಬ ಒಳ್ಳೆಯದು, ಬಿಡದೆ ಪ್ರಯತ್ನಿಸಿ. ಆದರೆ ರೋಲ್ ಬರುವವರಿಗೂ ಒಂದೊಂದು ಸಲ ಅಲೆಯ ನಡುವೆ ಕೈಕೊಡುತ್ತದೆ. ಆಗ ಅವರೂ ನಿಮ್ಮಂತೆಯೇ ನೀರಿನಲ್ಲಿರುತ್ತಾರೆ. ಆದ್ದರಿಂದ ನೀರಿನಿಂದ ಮತ್ತೆ ಹತ್ತುವುದು ಎಲ್ಲರಿಗೂ ಬರಲೇಬೇಕು.

ಹೊರಗೆ ಬಂದ ಕ್ಷಣ ಮಾಡಬೇಕಾದ ಕೆಲಸ ಒಂದೇ, ದೋಣಿ ಬಿಡದಿರುವುದು. ಖಾಲಿ ಕಯಾಕ್ ಗಾಳಿಗೆ ಸಿಕ್ಕರೆ ನೀವು ಈಜುವುದಕ್ಕಿಂತ ಬೇಗ ಓಡುತ್ತದೆ. ಒಂದು ಕೈಯಲ್ಲಿ ಅಂಚಿನ ಹಗ್ಗ, ಇನ್ನೊಂದರಲ್ಲಿ ಪ್ಯಾಡಲ್. ದಡ ಹತ್ತಿರ ಕಂಡರೂ ಈಜಿ ಹೋಗುತ್ತೇನೆ ಅಂತ ಹೊರಡಬೇಡಿ. ನೀರಿನ ಮಟ್ಟದಿಂದ ನೋಡುವ ಕಣ್ಣಿಗೆ ದೂರ ಯಾವಾಗಲೂ ಕಡಿಮೆ ಕಾಣುತ್ತದೆ. ಹುಡುಕುವವರಿಗೂ ತೇಲುವ ತಲೆಗಿಂತ ದೋಣಿ ಬೇಗ ಕಾಣುತ್ತದೆ.

ಜೊತೆಗೆ ಇನ್ನೊಬ್ಬರಿದ್ದರೆ ಕೆಲಸ ಸುಲಭ. ಅವರು ತಮ್ಮ ದೋಣಿಯನ್ನು ನಿಮ್ಮ ದೋಣಿಯ ಮೂತಿಗೆ ಅಡ್ಡವಾಗಿ ತರುತ್ತಾರೆ, ಇಂಗ್ಲಿಷಿನ ಟಿ ಅಕ್ಷರದ ಹಾಗೆ. ನೀವು ನಿಮ್ಮ ದೋಣಿಯ ಹಿಂಭಾಗಕ್ಕೆ ಹೋಗಿ ಒತ್ತುತ್ತೀರಿ, ಅವರು ಮೂತಿಯನ್ನು ತಮ್ಮ ಡೆಕ್ ಮೇಲೆ ಎಳೆದುಕೊಳ್ಳುತ್ತಾರೆ. ದೋಣಿ ಬೋರಲಾಗಿರುವುದರಿಂದ ಕೂರುವ ಜಾಗದ ನೀರೆಲ್ಲ ಹೊರಗೆ ಸುರಿಯುತ್ತದೆ. ಹಿಂದಿನ ಬಲ್ಕ್‌ಹೆಡ್ ಸೀಟಿಗೆ ಹತ್ತಿರ ಇರಬೇಕು ಅನ್ನುವುದು ಇದಕ್ಕೇ. ದೂರ ಇದ್ದರೆ ನೀರು ಅಲ್ಲೇ ನಿಂತುಬಿಡುತ್ತದೆ. ಆಮೇಲೆ ದೋಣಿ ನೆಟ್ಟಗೆ ಮಾಡಿ, ಎರಡೂ ದೋಣಿ ಪಕ್ಕ ಪಕ್ಕ ತಂದು, ಅವರು ಮೈ ಭಾರ ಹಾಕಿ ನಿಮ್ಮದನ್ನು ಗಟ್ಟಿಯಾಗಿ ಹಿಡಿದುಕೊಳ್ಳುತ್ತಾರೆ. ನೀವು ಹಿಂದಿನ ಡೆಕ್ ಮೇಲೆ ಹೊಟ್ಟೆ ಹಾಕಿ ಮಲಗಿ, ಕಾಲು ಒಳಗೆ ಬಿಟ್ಟು, ನಿಧಾನ ತಿರುಗಿ ಕೂರುತ್ತೀರಿ. ಚೆನ್ನಾಗಿ ಅಭ್ಯಾಸ ಆದ ಜೋಡಿಗೆ ಎರಡು ನಿಮಿಷ ಸಾಕು.

ಒಬ್ಬರೇ ಇದ್ದರೆ ಪ್ಯಾಡಲ್ ಫ್ಲೋಟ್ ಬೇಕು. ಅದು ಊದಿ ಉಬ್ಬಿಸುವ ಒಂದು ಚೀಲ. ದೋಣಿ ನೆಟ್ಟಗೆ ಮಾಡಿ, ಪ್ಯಾಡಲಿನ ಒಂದು ಎಲೆಗೆ ಅದನ್ನು ತೊಡಿಸಿ, ಊದಿ, ಪ್ಯಾಡಲನ್ನು ಸೀಟಿನ ಹಿಂದೆ ದೋಣಿಗೆ ಅಡ್ಡವಾಗಿ ಇಡಿ. ನೀರಿನ ಮೇಲೆ ಒಂದು ಊರುಗೋಲು ಚಾಚಿದಂತೆ ಆಗುತ್ತದೆ. ಆ ಪ್ಯಾಡಲಿನ ಮೇಲೆ ಒಂದು ಕಾಲು ಹಾಕಿ, ಹಿಂದಿನ ಡೆಕ್ ಮೇಲೆ ಬೋರಲು ಮಲಗಿ, ಮುಖ ದೋಣಿಯ ಹಿಂಭಾಗಕ್ಕೆ ಇರುವಂತೆ, ಒಂದೊಂದೇ ಕಾಲು ಒಳಗೆ ಬಿಡಿ. ತಿರುಗುವಾಗ ಭಾರ ಯಾವಾಗಲೂ ಫ್ಲೋಟ್ ಇರುವ ಪಕ್ಕಕ್ಕೇ ಇರಲಿ. ಇನ್ನೊಂದು ಪಕ್ಕಕ್ಕೆ ವಾಲಿದರೆ ಮತ್ತೆ ಮೊದಲಿನಿಂದ. ಕೂತ ಮೇಲೆ ಕೈಪಂಪಿನಿಂದ ನೀರು ತೆಗೆಯಿರಿ. ಅರ್ಧ ನೀರು ತುಂಬಿದ ದೋಣಿ ಮತ್ತೆ ಮಗುಚಲು ಕಾದಿರುತ್ತದೆ, ಹಾಗಾಗಿ ಹೊರಡಲು ಅವಸರ ಬೇಡ.

ಫ್ಲೋಟು, ಪಂಪು ಎರಡೂ ಡೆಕ್ ಮೇಲೆ ಕೈಗೆ ಸಿಗುವ ಜಾಗದಲ್ಲೇ ಇರಬೇಕು, ಹ್ಯಾಚಿನ ಒಳಗೆ ಇದ್ದರೆ ಇಲ್ಲದಂತೆಯೇ ಲೆಕ್ಕ. ಅಭ್ಯಾಸವನ್ನು ಮೊದಲು ನಿಂತ ನೀರಿನಲ್ಲಿ ಮಾಡಿ. ಬಂತು ಅನಿಸಿದ ಮೇಲೆ ದಡದ ಹತ್ತಿರ, ಗಾಳಿ ದಡದ ಕಡೆಗೆ ಬೀಸುವ ದಿನ, ಸಣ್ಣ ಅಲೆಯಲ್ಲಿ ಮಾಡಿ. ಈಜುಕೊಳದಲ್ಲಿ ಸರಾಗವಾಗಿ ಹತ್ತುತ್ತಿದ್ದ ನಾನು ಮೊದಲ ಸಲ ಅರ್ಧ ಮೀಟರ್ ಅಲೆಯಲ್ಲಿ ನಾಲ್ಕು ಸಲ ಜಾರಿ ಬಿದ್ದೆ. ಐದನೆಯ ಸಲ ಹತ್ತಿ ಕೂತಾಗ ಪಂಪು ಒತ್ತಲು ತೋಳಿನಲ್ಲಿ ಶಕ್ತಿ ಇರಲಿಲ್ಲ. ದಡ ನೂರು ಮೀಟರಿನಲ್ಲಿತ್ತು, ಗೆಳೆಯ ಪಕ್ಕದಲ್ಲೇ ಇದ್ದ, ಹಾಗಾಗಿ ಅದು ಪಾಠ ಆಯಿತು. ನೀವು ಆ ಪಾಠವನ್ನು ಅಂಥ ಜಾಗದಲ್ಲೇ ಕಲಿಯಬೇಕು ಅಂತ ನನ್ನ ಕಳಕಳಿ.

ಪ್ರಶ್ನೆ: ಬಿಸಿಲು ಚೆನ್ನಾಗಿದೆ, ಆದರೆ ನೀರು ತಣ್ಣಗಿದೆ ಅಂತ ಕೇಳಿದೆ. ಟೀ ಶರ್ಟ್, ಚಡ್ಡಿ ಸಾಕಾ? ವೆಟ್‌ಸೂಟ್ ಹಾಕಿದರೆ ಬೆಂದುಹೋಗುವುದಿಲ್ವಾ?

ಉತ್ತರ: ಗಾಳಿಯ ತಾಪಮಾನ ನೋಡಿ ಬಟ್ಟೆ ಹಾಕಬೇಡಿ, ನೀರಿನ ತಾಪಮಾನ ನೋಡಿ ಹಾಕಿ. ನೀರು 15 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗಿದ್ದರೆ ಅದು ಮೋಜಿನ ವಿಷಯ ಅಲ್ಲ. ಕೆನಡಾದ ವಿಜ್ಞಾನಿ ಗಾರ್ಡನ್ ಗೀಸ್‌ಬ್ರೆಕ್ಟ್ ತಣ್ಣೀರಿನಲ್ಲಿ ದೇಹಕ್ಕೆ ಏನಾಗುತ್ತದೆ ಅಂತ ವರ್ಷಗಟ್ಟಲೆ ಅಧ್ಯಯನ ಮಾಡಿದವರು. ಅವರು ಜನಪ್ರಿಯ ಮಾಡಿದ ಸೂತ್ರ 1-10-1. ತುಂಬ ತಣ್ಣನೆ ನೀರಿಗೆ ಬಿದ್ದ ಮೊದಲ 1 ನಿಮಿಷ ಉಸಿರು ಹಿಡಿತಕ್ಕೆ ಸಿಗದೆ ಏದುಸಿರು ಬರುತ್ತದೆ, ಆಗ ಬಾಯಿಗೆ ನೀರು ಹೋಗದಂತೆ ನೋಡಿಕೊಳ್ಳಬೇಕು. ಮುಂದಿನ 10 ನಿಮಿಷ ಮಾತ್ರ ಕೈಕಾಲು ಹೇಳಿದಂತೆ ಕೇಳುತ್ತವೆ. ಮೈ ತಣ್ಣಗಾಗಿ ಎಚ್ಚರ ತಪ್ಪಲು ಸುಮಾರು 1 ಗಂಟೆ.

ಈಗ ಮೇಲಿನ ಉತ್ತರ ನೆನಪಿಸಿಕೊಳ್ಳಿ. ಫ್ಲೋಟ್ ಊದುವುದು, ಹಗ್ಗ ಹಿಡಿಯುವುದು, ಹತ್ತುವುದು ಎಲ್ಲ ಆ ಹತ್ತು ನಿಮಿಷದಲ್ಲಿ ಆಗಬೇಕು. ಆಮೇಲೆ ಬೆರಳು ಮಡಚುವುದಿಲ್ಲ. ವೆಟ್‌ಸೂಟ್ ಅಂದರೆ ಮೈಗೆ ಅಂಟಿ ಕೂರುವ ರಬ್ಬರಿನ ಬಟ್ಟೆ ಆ ಹತ್ತು ನಿಮಿಷವನ್ನು ಹಿಗ್ಗಿಸುತ್ತದೆ. ಕಯಾಕ್‌ಗೆ ತೋಳಿಲ್ಲದ, ಕಾಲು ಪೂರ್ತಿ ಮುಚ್ಚುವ 3 ಮಿಲಿಮೀಟರ್ ದಪ್ಪದ್ದು ಅನುಕೂಲ, ಭುಜ ಉಜ್ಜುವುದಿಲ್ಲ. ಇನ್ನೂ ತಣ್ಣನೆ ನೀರಿಗೆ ಕುತ್ತಿಗೆ ಮತ್ತು ಮಣಿಕಟ್ಟಿನಲ್ಲಿ ರಬ್ಬರ್ ಪಟ್ಟಿ ಇರುವ, ನೀರು ಒಳಗೆ ಬಿಡದ ಡ್ರೈಸೂಟ್, ಅದರೊಳಗೆ ಬೆಚ್ಚನೆ ಬಟ್ಟೆ. ಸೆಕೆ ಆದರೆ ಟೋಪಿ ನೀರಿನಲ್ಲಿ ಅದ್ದಿ ತಲೆಗೆ ಹಾಕಿಕೊಳ್ಳಿ, ಕೈ ಅದ್ದಿ. ಸಮುದ್ರದಲ್ಲಿ ತಣ್ಣಗಾಗಲು ದಾರಿ ಬೇಕಾದಷ್ಟಿವೆ, ಬೆಚ್ಚಗಾಗಲು ಇಲ್ಲ.

ನೀರು ಬೆಚ್ಚಗಿರುವ ಜಾಗದಲ್ಲಿ ಕಾಟ ಬಿಸಿಲಿನದು. ಪೂರ್ತಿ ತೋಳಿನ ಬೇಗ ಒಣಗುವ ಅಂಗಿ, ಗಲ್ಲಕ್ಕೆ ಕಟ್ಟುವ ದಾರ ಇರುವ ಟೋಪಿ. ಹತ್ತಿ ಬಟ್ಟೆ ಎರಡೂ ಕಡೆ ಬೇಡ, ಒದ್ದೆಯಾದರೆ ಒಣಗುವುದೇ ಇಲ್ಲ. ಸನ್‌ಸ್ಕ್ರೀನ್ ಹಚ್ಚಿದ ಮೇಲೆ ಅಂಗೈ ಚೆನ್ನಾಗಿ ಒರೆಸಿ, ಇಲ್ಲದಿದ್ದರೆ ಪ್ಯಾಡಲ್ ಜಾರುತ್ತದೆ.

ಪ್ರಶ್ನೆ: ನಾವು ನಾಲ್ವರು ಗೆಳೆಯರು ಮೂರು ದಿನದ ಪ್ರವಾಸ ಹಾಕಿಕೊಂಡಿದ್ದೇವೆ. ದಿನಕ್ಕೆ 40 ಕಿ.ಮೀ. ಹೋಗಿ ದಡದಲ್ಲಿ ಟೆಂಟ್ ಹಾಕುವ ಯೋಚನೆ. ಸಾಮಾನು ಹೇಗೆ ತುಂಬುವುದು?

ಉತ್ತರ: ಸಾಮಾನಿಗಿಂತ ಮೊದಲು ಆ 40ರ ಬಗ್ಗೆ ಮಾತಾಡೋಣ. ಭಾರ ತುಂಬಿದ ಕಯಾಕ್ ಶಾಂತ ನೀರಿನಲ್ಲಿ ಸುಮಾರು 3 ನಾಟ್ ವೇಗದಲ್ಲಿ, ಅಂದರೆ ಗಂಟೆಗೆ 5.5 ಕಿ.ಮೀ. ಹೋಗುತ್ತದೆ. ಎದುರು ಗಾಳಿ ಬಂದರೆ ಅರ್ಧಕ್ಕೆ ಇಳಿಯುತ್ತದೆ. ಗುಂಪಿನ ವೇಗ ಅಂದರೆ ಗುಂಪಿನಲ್ಲಿ ಎಲ್ಲರಿಗಿಂತ ನಿಧಾನ ಇರುವವರ ವೇಗ, ಅದರ ಮೇಲೆ ಊಟ, ವಿಶ್ರಾಂತಿ, ಟೆಂಟ್ ಬಿಚ್ಚುವುದು ಕಟ್ಟುವುದು. ಮೊದಲ ಪ್ರವಾಸಕ್ಕೆ ದಿನಕ್ಕೆ 15ರಿಂದ 20 ಕಿ.ಮೀ. ಇಟ್ಟುಕೊಳ್ಳಿ. ದಾರಿಯಲ್ಲಿ ಎಲ್ಲೆಲ್ಲಿ ದಡಕ್ಕೆ ಇಳಿಯಬಹುದು ಅಂತ ನಕ್ಷೆಯಲ್ಲಿ ಮೊದಲೇ ಗುರುತು ಹಾಕಿ. ಬಂಡೆ ಸಾಲು ಇದ್ದು 10 ಕಿ.ಮೀ. ಉದ್ದಕ್ಕೂ ಇಳಿಯಲು ಜಾಗವೇ ಇಲ್ಲ ಅಂತಾದರೆ ಆ ಭಾಗಕ್ಕೆ ಹವಾಮಾನ ತುಂಬ ಚೆನ್ನಾಗಿರುವ ಬೆಳಿಗ್ಗೆಯೇ ಬೇಕು. ಮೂರು ದಿನದ ಪ್ರವಾಸಕ್ಕೆ ನಾಲ್ಕು ದಿನ ರಜೆ ಹಾಕಿ. ಸೋಮವಾರ ಆಫೀಸಿಗೆ ಹೋಗಲೇಬೇಕು ಅನ್ನುವ ಒತ್ತಡಕ್ಕೆ ಭಾನುವಾರ ಕೆಟ್ಟ ಗಾಳಿಯಲ್ಲಿ ದೋಣಿ ಇಳಿಸುವವರನ್ನು ನೋಡಿದ್ದೇನೆ.

ತುಂಬುವಾಗ ಭಾರದ್ದು ತಳಕ್ಕೆ, ನಡುವಿಗೆ, ಸೀಟಿಗೆ ಹತ್ತಿರ. ಹಗುರದ್ದು ತುದಿಗಳಿಗೆ. ನೀರು ಎಲ್ಲಕ್ಕಿಂತ ಭಾರ: ಕುಡಿಯಲು, ಅಡುಗೆಗೆ ಸೇರಿ ಒಬ್ಬರಿಗೆ ದಿನಕ್ಕೆ 4 ಲೀಟರ್ ಹಿಡಿದರೂ ಮೂರು ದಿನಕ್ಕೆ 12 ಕಿಲೋ. ಅದನ್ನು ಒಂದೇ ದೊಡ್ಡ ಕ್ಯಾನಿನಲ್ಲಿ ಒಯ್ಯಬೇಡಿ. ನಾಲ್ಕೈದು ಸಣ್ಣ ಚೀಲ ಮಾಡಿದರೆ ಎರಡು ಕಡೆ ಹಂಚಬಹುದು, ಒಂದು ತೂತಾದರೂ ಉಳಿದವು ಇರುತ್ತವೆ. ನೀರು ಹೋಗದ ಚೀಲ, ಅಂದರೆ ಡ್ರೈ ಬ್ಯಾಗ್ ಕೂಡ ಹಾಗೆಯೇ. 40 ಲೀಟರಿನದು ಒಂದು ಹ್ಯಾಚಿನ ಬಾಯೊಳಗೆ ಹೋಗುವುದೇ ಇಲ್ಲ, 8ರಿಂದ 10 ಲೀಟರಿನವು ಐದಾರು ಇದ್ದರೆ ಮೂಲೆ ಮೂಲೆಗೂ ಹೊಂದುತ್ತವೆ. ಮಲಗುವ ಚೀಲ ಮತ್ತು ಒಂದು ಜೊತೆ ಒಣ ಬಟ್ಟೆ ಎರಡೆರಡು ಚೀಲದೊಳಗೆ ಇರಲಿ. ಎಡ ಬಲ ತೂಕ ಸಮ ಇದೆಯಾ ಅಂತ ನೀರಿಗೆ ಇಳಿಸಿದ ಮೇಲೆ ಒಬ್ಬರು ಹಿಂದಿನಿಂದ ನೋಡಿ ಹೇಳಲಿ.

ಡೆಕ್ ಮೇಲೆ ಸಾಮಾನು ಪೇರಿಸಬೇಡಿ. ಗಾಳಿ ಹಿಡಿಯುತ್ತದೆ, ಭಾರ ಮೇಲಾಗುತ್ತದೆ, ಮಗುಚಿದಾಗ ಹತ್ತಲು ಅಡ್ಡ ಬರುತ್ತದೆ. ಅಲ್ಲಿ ಇರಬೇಕಾದ್ದು ಎರಡು ತುಂಡಾಗುವ ಇನ್ನೊಂದು ಪ್ಯಾಡಲ್, ನಕ್ಷೆ, ದಿಕ್ಸೂಚಿ, ಪಂಪು, ಫ್ಲೋಟು, ಅಷ್ಟೇ. ಗುಂಪಿನಲ್ಲಿ ಇಬ್ಬರ ಸೊಂಟದಲ್ಲಾದರೂ ಸುಮಾರು 15 ಮೀಟರಿನ ಎಳೆಯುವ ಹಗ್ಗ ಇರಲಿ, ಒಂದೇ ಎಳೆತಕ್ಕೆ ಬಿಚ್ಚಿಕೊಳ್ಳುವ ಬಕಲ್ ಇರುವಂಥದ್ದು. ಸುಸ್ತಾದ ಗೆಳೆಯನನ್ನು ದಡ ಸೇರಿಸಲು ಬೇರೆ ಉಪಾಯ ಇಲ್ಲ.

ಹೊರಡುವ ವಾರದ ಮುಂಚೆ ಪೂರ್ತಿ ಸಾಮಾನು ತುಂಬಿದ ದೋಣಿಯಲ್ಲಿ ಒಂದು ಸಲ ಬೇಕಂತಲೇ ಮಗುಚಿ, ಮತ್ತೆ ಹತ್ತಿ. ತುಂಬಿದ ದೋಣಿಯ ಮೂತಿ ಎತ್ತುವುದು ಖಾಲಿ ದೋಣಿಯಂತೆ ಅಲ್ಲ ಅಂತ ಆಗ ಗೊತ್ತಾಗುತ್ತದೆ. ಯಾವ ಡ್ರೈ ಬ್ಯಾಗ್ ಸೋರುತ್ತದೆ ಅಂತಲೂ.

ಪ್ರಶ್ನೆ: ಫೋನಿನಲ್ಲಿ ಗಾಳಿ 12 ನಾಟ್ ಅಂತ ತೋರಿಸುತ್ತದೆ. ಹೋಗಬಹುದಾ? ಉಬ್ಬರ ಇಳಿತದ ಲೆಕ್ಕ ತಲೆಗೆ ಹತ್ತುತ್ತಿಲ್ಲ.

ಉತ್ತರ: 12 ನಾಟ್ ಅಂದರೆ ಗಾಳಿಯ ಬಲ ಹೇಳುವ ಬೋಫರ್ಟ್ ಅಳತೆಯಲ್ಲಿ 4ನೆಯ ಹಂತ. 7ರಿಂದ 10 ನಾಟ್ 3ನೆಯ ಹಂತ, 11ರಿಂದ 16 ನಾಲ್ಕನೆಯದು. ಅಲ್ಲಲ್ಲಿ ಒಂದೊಂದು ಬಿಳಿ ನೊರೆ ಕಂಡರೆ ಮೂರು, ಎಲ್ಲಿ ನೋಡಿದರೂ ಬಿಳಿ ನೊರೆ ಕಂಡರೆ ನಾಲ್ಕು. ಹೊಸಬರು ಮೂರು ದಾಟಬಾರದು. ಸಂಖ್ಯೆಯಷ್ಟೇ ದಿಕ್ಕೂ ಮುಖ್ಯ. ದಡದಿಂದ ಸಮುದ್ರದ ಕಡೆಗೆ ಬೀಸುವ ಗಾಳಿ ತುಂಬ ಮೋಸದ್ದು. ದಡದ ಹತ್ತಿರ ನೀರು ಕನ್ನಡಿಯಂತೆ ಇರುತ್ತದೆ, ದೋಣಿ ಸಲೀಸಾಗಿ ಓಡುತ್ತದೆ, ವಾಪಸ್ ತಿರುಗಿದಾಗಲೇ ಅದರ ಬಲ ಗೊತ್ತಾಗುವುದು. ಬಿಸಿಲಿನ ದಿನಗಳಲ್ಲಿ ನೆಲ ಬೇಗ ಕಾದು ಮಧ್ಯಾಹ್ನದ ಹೊತ್ತಿಗೆ ಸಮುದ್ರದಿಂದ ಗಾಳಿ ಏಳುತ್ತದೆ. ಅದಕ್ಕೇ ಬೆಳಕು ಹರಿಯುವಾಗ ಹೊರಟು ಮಧ್ಯಾಹ್ನಕ್ಕೆ ಮುಂಚೆ ದಡ ಸೇರುವುದು ಒಳ್ಳೆಯದು.

ಉಬ್ಬರದ ಲೆಕ್ಕ ಸುಲಭವಾಗಿ ಹೇಳುತ್ತೇನೆ. ಹೆಚ್ಚಿನ ಕರಾವಳಿಗಳಲ್ಲಿ ಒಂದು ಉಬ್ಬರದಿಂದ ಮುಂದಿನದಕ್ಕೆ ಸುಮಾರು 12 ಗಂಟೆ 25 ನಿಮಿಷ. ಅಂದರೆ ಏರಲು ಆರು ಗಂಟೆ, ಇಳಿಯಲು ಆರು ಗಂಟೆ ಅಂತ ಇಟ್ಟುಕೊಳ್ಳಿ. ಆದರೆ ನೀರು ಒಂದೇ ಸಮನೆ ಏರುವುದಿಲ್ಲ. ಒಟ್ಟು ಏರಿಕೆಯನ್ನು 12 ಪಾಲು ಮಾಡಿದರೆ ಮೊದಲ ಗಂಟೆ 1 ಪಾಲು, ಎರಡನೆಯದು 2, ಮೂರು ಮತ್ತು ನಾಲ್ಕನೆಯದರಲ್ಲಿ ತಲಾ 3, ಐದನೆಯದು 2, ಆರನೆಯದು 1. ಏರಿಕೆ 3 ಮೀಟರ್ ಇದ್ದರೆ ಮೊದಲ ಗಂಟೆ 25 ಸೆಂಟಿಮೀಟರ್, ಮೂರನೆಯ ಗಂಟೆ 75. ಸಾಮಾನ್ಯವಾಗಿ ನಡುವಿನ ಆ ಎರಡು ಗಂಟೆಗಳಲ್ಲೇ ಕಿರಿದಾದ ಜಾಗಗಳಲ್ಲಿ ಸೆಳೆತ ಜೋರು. ಹುಣ್ಣಿಮೆ, ಅಮಾವಾಸ್ಯೆ ಆದ ಒಂದೆರಡು ದಿನಕ್ಕೆ ಉಬ್ಬರ ಇಳಿತ ಎರಡೂ ಅತಿ ದೊಡ್ಡದು. ಗಾಳಿ ಒಂದು ಕಡೆಗೆ, ಸೆಳೆತ ಅದಕ್ಕೆ ಎದುರು ಕಡೆಗೆ ಇದ್ದರೆ ಅಲೆ ಕಡಿದಾಗಿ ಎದ್ದು ನಿಲ್ಲುತ್ತದೆ. ಬೆಳಿಗ್ಗೆ ಶಾಂತವಾಗಿದ್ದ ಜಾಗ ಸೆಳೆತ ತಿರುಗಿದ ಅರ್ಧ ಗಂಟೆಯಲ್ಲಿ ಗುರುತು ಸಿಗದಂತೆ ಆಗುವುದು ಹೀಗೆ. ನೀವು ಹೋಗುವ ಜಾಗದ ಉಬ್ಬರ ಪಟ್ಟಿ ತೆಗೆದು, ಕಾಗದದ ಮೇಲೆ ಗಂಟೆ ಗಂಟೆಗೂ ಬರೆದು, ಪ್ಲಾಸ್ಟಿಕ್ ಹಾಕಿ ಡೆಕ್ ಮೇಲೆ ಅಂಟಿಸಿಕೊಳ್ಳಿ.

ಪ್ರಶ್ನೆ: ಫೋನ್ ಇದ್ದರೆ ಬೇರೆ ರೇಡಿಯೋ ಎಲ್ಲ ಯಾಕೆ?

ಉತ್ತರ: ಒದ್ದೆ ಬೆರಳಿಗೆ ಟಚ್‌ಸ್ಕ್ರೀನ್ ಕೇಳುವುದಿಲ್ಲ, ಬಂಡೆಯ ಮರೆಯಲ್ಲಿ ಸಿಗ್ನಲ್ ಸಿಗುವುದಿಲ್ಲ. ನೀರು ಹೋಗದ ಚೀಲದಲ್ಲಿ ಫೋನ್ ಇರಲಿ, ಜೊತೆಗೆ ಕೈಯಲ್ಲಿ ಹಿಡಿಯುವ ವಿಎಚ್‌ಎಫ್ ರೇಡಿಯೋ ಇರಲಿ. ಅದರ 16ನೆಯ ಚಾನೆಲ್ ಅಪಾಯದ ಕರೆಗೂ ಮೊದಲ ಸಂಪರ್ಕಕ್ಕೂ ಇರುವಂಥದ್ದು, ನಿಮ್ಮ ಕೂಗು ಹತ್ತಿರದ ಎಲ್ಲ ಹಡಗುಗಳಿಗೂ ಒಟ್ಟಿಗೇ ಕೇಳುತ್ತದೆ. ಕೆಲವು ದೇಶಗಳಲ್ಲಿ ಇದಕ್ಕೆ ಲೈಸೆನ್ಸ್ ಬೇಕು, ಮೊದಲೇ ವಿಚಾರಿಸಿ. ದೂರ ಹೋಗುವವರು 406 ಮೆಗಾಹರ್ಟ್ಸ್‌ನ ಪಿಎಲ್‌ಬಿ ಅನ್ನುವ ಸಣ್ಣ ಅಪಾಯ ಸೂಚಕ ತಗೊಳ್ಳಿ, ಗುಂಡಿ ಒತ್ತಿದರೆ ಉಪಗ್ರಹದ ಮೂಲಕ ನೀವಿರುವ ಜಾಗ ರಕ್ಷಣಾ ಪಡೆಗೆ ತಲುಪುತ್ತದೆ. ಇದೆಲ್ಲ ಜಾಕೆಟ್ಟಿನ ಜೇಬಿನಲ್ಲಿ ಇರಬೇಕು. ದೋಣಿ ಕೈ ತಪ್ಪಿ ಹೋದರೂ ಜಾಕೆಟ್ ನಿಮ್ಮ ಜೊತೆಗೇ ಇರುತ್ತದೆ, ಅಲ್ವಾ?

ಯಾವ ಯಂತ್ರವೂ ಬೇಡದ ಇನ್ನೊಂದು ಏರ್ಪಾಡು ಇದೆ. ಎಲ್ಲಿಂದ ಹೊರಡುತ್ತೀರಿ, ಯಾವ ದಾರಿ, ಎಷ್ಟು ಜನ, ದೋಣಿಗಳ ಬಣ್ಣ, ಎಷ್ಟು ಗಂಟೆಗೆ ವಾಪಸ್, ಎಷ್ಟು ಗಂಟೆವರೆಗೆ ಸುದ್ದಿ ಬರದಿದ್ದರೆ ಯಾರಿಗೆ ಫೋನ್ ಮಾಡಬೇಕು. ಒಂದು ಹಾಳೆಯಲ್ಲಿ ಬರೆದು ದಡದಲ್ಲಿ ಉಳಿಯುವ ಒಬ್ಬರ ಕೈಗೆ ಕೊಡಿ.

ಪ್ರಶ್ನೆ: ದೊಡ್ಡ ಹಡಗುಗಳಿಗೆ ನಾವು ಕಾಣುತ್ತೇವಾ?

ಉತ್ತರ: ಕಾಣುವುದಿಲ್ಲ ಅಂದುಕೊಂಡೇ ನಡೆಸಿ. ಕಯಾಕ್‌ನಲ್ಲಿ ಕೂತವರ ಕಣ್ಣು ನೀರಿನಿಂದ ಒಂದು ಮೀಟರಿಗಿಂತ ಕೆಳಗೆ, ಕ್ಷಿತಿಜ ಸುಮಾರು 3 ಕಿ.ಮೀ.ಗೇ ಮುಗಿಯುತ್ತದೆ. 20 ನಾಟ್ ವೇಗದ ಹಡಗು ಅಷ್ಟು ದೂರವನ್ನು ಐದಾರು ನಿಮಿಷದಲ್ಲಿ ದಾಟುತ್ತದೆ. ಅವು ತಕ್ಷಣ ನಿಲ್ಲಲಾರವು, ತಿರುಗಲಾರವು. ಹಡಗಿನ ದಾರಿ ನಕ್ಷೆಯಲ್ಲಿ ಇರುತ್ತದೆ. ದಾಟಲೇಬೇಕಾದರೆ ಗುಂಪಾಗಿ, ನೇರ ಅಡ್ಡಲಾಗಿ, ನಿಲ್ಲದೆ ದಾಟಿ. ಕತ್ತಲಾದರೆ ಕೈಯಲ್ಲಿ ಬಿಳಿ ಟಾರ್ಚ್ ಸಿದ್ಧ ಇರಲಿ.

ಪ್ರಶ್ನೆ: ನನಗೆ 54. ಹೆಂಡತಿ ಮಕ್ಕಳು ಈ ವಯಸ್ಸಿನಲ್ಲಿ ಯಾಕೆ ಅಂತಾರೆ. ತಡ ಆಯ್ತಾ?

ಉತ್ತರ: ಇಲ್ಲ ಸರ್. ಜರ್ಮನಿಯ ಫ್ರೆಯಾ ಹಾಫ್‌ಮೈಸ್ಟರ್ 2011ರಿಂದ 2015ರವರೆಗೆ ಕಯಾಕ್‌ನಲ್ಲಿ ಇಡೀ ದಕ್ಷಿಣ ಅಮೆರಿಕಾ ಖಂಡ ಸುತ್ತಿದರು. ಮುಗಿಸುವಾಗ ಅವರಿಗೆ 50 ವರ್ಷ. ಅಷ್ಟು ದೂರ ನಮಗೆ ಬೇಡ. ಭುಜ ಮತ್ತು ಬೆನ್ನನ್ನು ಒಮ್ಮೆ ಡಾಕ್ಟರಿಗೆ ತೋರಿಸಿ. ಪ್ಯಾಡಲನ್ನು ತೋಳಿನಿಂದ ಎಳೆಯದೆ ನಡು ತಿರುಗಿಸಿ ಎಳೆಯುವುದನ್ನು ಒಳ್ಳೆಯ ತರಬೇತುದಾರರಿಂದ ಕಲಿಯಿರಿ, ಭುಜ ಉಳಿಯುತ್ತದೆ. ಮನೆಯವರನ್ನು ಒಂದು ದಿನ ಅಭ್ಯಾಸ ನೋಡಲು ಕರೆದುಕೊಂಡು ಹೋಗಿ. ನೀವು ಮಗುಚಿ, ಮತ್ತೆ ಹತ್ತಿ ಕೂತದ್ದನ್ನು ಅವರು ಕಣ್ಣಾರೆ ನೋಡಲಿ.

ಪ್ರಶ್ನೆ: ಪ್ರವಾಸದಿಂದ ಬಂದ ಮೇಲೆ ಸಾಮಾನು ತೊಳೆಯಲೇಬೇಕಾ? ಎರಡೇ ತಿಂಗಳಲ್ಲಿ ನನ್ನ ಜಾಕೆಟ್ ಜಿಪ್ ಕೂತುಹೋಯಿತು.

ಉತ್ತರ: ತೊಳೆಯಲೇಬೇಕು, ಅದೂ ಅವತ್ತೇ. ಉಪ್ಪು ಒಣಗಿ ಹರಳಾದರೆ ಜಿಪ್ಪಿನ ಹಲ್ಲು ಕಚ್ಚಿಕೊಳ್ಳುತ್ತದೆ, ಸ್ಕೆಗ್ಗಿನ ತಂತಿ ಸಿಕ್ಕಿಹಾಕಿಕೊಳ್ಳುತ್ತದೆ, ಎರಡು ತುಂಡಿನ ಪ್ಯಾಡಲ್ ಒಂದಾಗಿ ಕೂತುಬಿಡುತ್ತದೆ. ಸಿಹಿನೀರಿನಲ್ಲಿ ಎಲ್ಲವನ್ನೂ ಅದ್ದಿ, ಪ್ಯಾಡಲ್ ಬಿಚ್ಚಿ, ಹ್ಯಾಚ್ ಮುಚ್ಚಳ ತೆಗೆದಿಟ್ಟು, ನೆರಳಿನಲ್ಲಿ ಒಣಗಿಸಿ. ಬಿಸಿಲಿಗೆ ಜಾಕೆಟ್ಟಿನ ಬಟ್ಟೆ, ಡ್ರೈಸೂಟಿನ ರಬ್ಬರ್ ಎರಡೂ ಬೇಗ ಹಾಳಾಗುತ್ತವೆ. ಕೂತ ಜಿಪ್ಪನ್ನು ಬಿಸಿನೀರಿನಲ್ಲಿ ಅರ್ಧ ಗಂಟೆ ನೆನೆಸಿ, ಹಳೆಯ ಹಲ್ಲುಜ್ಜುವ ಬ್ರಷ್ಷಿನಿಂದ ಉಜ್ಜಿ ನೋಡಿ, ಬಿಟ್ಟುಕೊಳ್ಳಬಹುದು. ಆದರೆ ನಲ್ಲಿ ತಿರುಗಿಸುವ ಮುಂಚೆ, ಆ ಹಾಳೆ ಹಿಡಿದುಕೊಂಡು ಗಡಿಯಾರ ನೋಡುತ್ತಾ ಕೂತಿರುವವರಿಗೆ ದಡ ಸೇರಿದೆವು ಅಂತ ಒಂದು ಫೋನ್ ಮಾಡಿ.